ಮಳೆಗಾಲದ ಹಣ್ಣಿಗೆ ಒಂದು ಮೆಷಿನ್ ಬೇಕಾ?

ಜೂನ್ ಬಂತೆಂದರೆ ಊರಿನಿಂದ ರಾತ್ರಿ ಬಸ್ಸಿನಲ್ಲಿ ಗೋಣಿಚೀಲ ಬರಲು ಶುರುವಾಗುತ್ತದೆ. ಪುತ್ತೂರಿನಲ್ಲಿ ಅಪ್ಪ ಹತ್ತಿಸುತ್ತಾರೆ. ಬೆಳಗ್ಗೆ ನಾನು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಹೋಗಿ ಇಳಿಸಿಕೊಳ್ಳುತ್ತೇನೆ. ಒಳಗೆ ಒಂದು ಕದಳಿ ಗೊನೆ, ಕಾಟು ಮಾವಿನಹಣ್ಣು, ಬಿಡಿಸಿದ ಹಲಸಿನ ಸೊಳೆಯ ಡಬ್ಬ, ಕೆಲವೊಮ್ಮೆ ಪುನರ್ಪುಳಿ. ಕದಳಿ ಗೊನೆ ಹಣ್ಣಾಗುವ ರೀತಿ ನಿಮಗೂ ಗೊತ್ತಿರಬಹುದು. ಒಂದೆರಡು ದಿನ ಹಸಿರಾಗಿಯೇ ಇರುತ್ತದೆ, ಆಮೇಲೆ ಇಡೀ ಗೊನೆ ಒಟ್ಟಿಗೇ ಹಳದಿ ಆಗಿಬಿಡುತ್ತದೆ. ಮನೆಯಲ್ಲಿ ನಾವು ಮೂರೇ ಜನ. ಅಕ್ಕಪಕ್ಕದ ಮನೆಗೆ ಕೊಟ್ಟು, ವಾಚ್‌ಮನ್ ಮನೆಗೆ ಕೊಟ್ಟು, ಬನ್ಸ್ ಮಾಡಿ, ಹಲ್ವ ಮಾಡಿದರೂ ಒಂದಷ್ಟು ಕಪ್ಪಾಗಿ ಕೊಳೆಯುತ್ತದೆ. ಅಪ್ಪ ತೋಟದಿಂದ ಹೊತ್ತು ತಂದದ್ದು ಹಸಿಕಸದ ಬಕೆಟ್ಟಿಗೆ ಹೋಗುವಾಗ ತುಂಬಾ ಸಂಕಟವಾಗುತ್ತದೆ.

ಹಾಗಾಗಿ ಪ್ರತಿ ಮಳೆಗಾಲ ಅದೇ ಪ್ರಶ್ನೆ ಏಳುತ್ತದೆ. ಮನೆಗೊಂದು ಫುಡ್ ಡಿಹೈಡ್ರೇಟರ್ ತಗೊಳ್ಳಬೇಕಾ? ತಟ್ಟೆಗಳನ್ನು ಜೋಡಿಸಿದ ಒಂದು ಪೆಟ್ಟಿಗೆ, ಒಳಗೆ ಹೀಟರ್, ಒಂದು ಫ್ಯಾನ್. ಐದಾರು ಸಾವಿರದಿಂದ ಶುರುವಾಗಿ ಇಪ್ಪತ್ತು ಸಾವಿರ ದಾಟುವವರೆಗೂ ಇವೆ. ನೋಡುತ್ತೇನೆ, ಸೇವ್ ಮಾಡಿಡುತ್ತೇನೆ, ಬಿಡುತ್ತೇನೆ. ದುಡ್ಡೊಂದೇ ಕಾರಣ ಅಲ್ಲ. ಒಣಗಿಸುವ ಕೆಲಸವನ್ನು ನೋಡಿ ಬೆಳೆದವಳು ನಾನು. ಮೆಷಿನ್ ಆ ಕೆಲಸದಲ್ಲಿ ಯಾವ ಭಾಗವನ್ನು ಮಾಡಿಕೊಡುತ್ತದೆ, ಯಾವುದನ್ನು ಮಾಡಲ್ಲ ಅನ್ನೋದು ತಿಳಿಯದೆ ತಗೊಳ್ಳಲು ಮನಸ್ಸು ಒಪ್ಪುವುದಿಲ್ಲ.

ಹಪ್ಪಳದ ದಿನ

ಮೊದಲ ಸಲ ಅಮ್ಮನಿಗೆ ಹೇಳಿದಾಗ, "ಬಿಸಿಲು ಉಂಟಲ್ಲ, ಮೆಷಿನ್ ಎಂತಕ್ಕೆ?" ಎಂದಳು. ಅವಳ ಪ್ರಶ್ನೆ ಸರಿಯೇ. ನಮ್ಮದು ಅಡಿಕೆ ತೋಟದ ಮನೆ. ಅಂಗಳವೇ ನಮ್ಮ ಡ್ರೈಯರ್. ಅಡಿಕೆ ಒಣಗಿ ಚಾಲಿ ಆಗಲು 40ರಿಂದ 45 ದಿನದ ಬಿಸಿಲು ಬೇಕು. ಅಡಿಕೆಯ ಒಂದು ಮೂಲೆ ಸರಿಸಿ ಮೆಣಸು, ಕೊತ್ತಂಬರಿ, ಮಜ್ಜಿಗೆ ಮೆಣಸು, ಸೆಂಡಿಗೆ, ಹಪ್ಪಳ ಎಲ್ಲ ಒಣಗುತ್ತಿತ್ತು.

ಏಪ್ರಿಲಿನಲ್ಲಿ ಹಲಸಿನ ಹಪ್ಪಳದ ದಿನ ಬರುತ್ತಿತ್ತು. ಹಿಂದಿನ ಸಂಜೆಯೇ ಕೆಲಸ ಶುರು. ಬಲಿತ, ಆದರೆ ಹಣ್ಣಾಗದ ಕಾಯಿ ಬೇಕು. ಅಜ್ಜಿ ಕಾಯಿ ತಟ್ಟಿ ಶಬ್ದ ಕೇಳಿಯೇ ಇದು ಆಗುತ್ತದೆ, ಇದು ಆಗುವುದಿಲ್ಲ ಎನ್ನುತ್ತಿದ್ದರು. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ದೊಡ್ಡಮ್ಮ, ಅಮ್ಮ, ಪಕ್ಕದ ಮನೆಯ ಇಬ್ಬರು ಹೆಂಗಸರು ಜಗಲಿಯಲ್ಲಿ ಕೂತು ಸೊಳೆ ಬಿಡಿಸುತ್ತಿದ್ದರು. ಬೆಳಗಿನ ಜಾವಕ್ಕೆ ಅಟ್ಟಿನಳಗೆಯಲ್ಲಿ ಸೊಳೆ ಬೇಯಬೇಕು. ಬಿಸಿ ಇರುವಾಗಲೇ ಒರಳಿಗೆ ಹಾಕಿ ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಒನಕೆಯಲ್ಲಿ ಗುದ್ದಬೇಕು. ಆರಿದರೆ ಹಿಟ್ಟು ಹದಕ್ಕೆ ಬರುವುದಿಲ್ಲ. ಒಬ್ಬರು ಗುದ್ದುವುದು, ಒಬ್ಬರು ಉಂಡೆ ಕಟ್ಟುವುದು, ಇಬ್ಬರು ಎರಡು ಹಾಳೆಗಳ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತುವುದು. ಮಕ್ಕಳಿಗೆ ಚಾಪೆಯ ಕೆಲಸ. ಒತ್ತಿದ ಹಪ್ಪಳವನ್ನು ಹಾಳೆ ಸಮೇತ ತಂದು ಚಾಪೆಗೆ ಅಂಟಿಸಿ, ಹಾಳೆ ಮೆಲ್ಲ ಎಬ್ಬಿಸಬೇಕು. ನಡುವೆ ಹಸಿ ಹಿಟ್ಟಿಗೆ ತೆಂಗಿನೆಣ್ಣೆ ಹಾಕಿ ತಿನ್ನುವುದು ನಮ್ಮ ಸಂಬಳ.

ಮಧ್ಯಾಹ್ನದವರೆಗೂ ಎಲ್ಲ ಸರಿ. ಎರಡು ಗಂಟೆಯ ಮೇಲೆ ಎಲ್ಲರ ಕಣ್ಣು ಮೂಡು ದಿಕ್ಕಿಗೆ. ಘಟ್ಟದ ಕಡೆ ಕಪ್ಪಾಗಿ ಒಂದು ಗುಡುಗು ಕೇಳಿತೆಂದರೆ ಇಡೀ ಮನೆ ಅಂಗಳಕ್ಕೆ ಓಡುತ್ತಿತ್ತು. ಚಾಪೆ ಮಡಚುವ ಹಾಗಿಲ್ಲ, ಮಡಚಿದರೆ ಹಪ್ಪಳ ಒಂದಕ್ಕೊಂದು ಅಂಟುತ್ತದೆ. ಎರಡು ತುದಿಯಲ್ಲಿ ಇಬ್ಬರು ಹಿಡಿದು ಹಾಗೇ ಜಗಲಿಗೆ ಎತ್ತಬೇಕು. ಒಂದು ವರ್ಷ ಎರಡು ದಿನ ಬಿಡದೆ ಮೋಡ ಕವಿದು ಅರ್ಧ ಒಣಗಿದ ಹಪ್ಪಳಕ್ಕೆ ಬೂಸು ಹಿಡಿಯಲು ಶುರುವಾಯಿತು. ಅಜ್ಜಿ ಅಷ್ಟನ್ನೂ ಬಟ್ಟೆಯಿಂದ ಒಂದೊಂದಾಗಿ ಒರೆಸಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ಆ ವರ್ಷ ಕರಿದಾಗ ಹೊಗೆಯ ಪರಿಮಳ. ಆದರೆ ಒಂದೂ ಹಾಳಾಗಲಿಲ್ಲ.

ಬಿಸಿಲು ಪುಕ್ಕಟೆ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಬಿಸಿಲು ಪುಕ್ಕಟೆಯೇ. ಬಿಸಿಲಲ್ಲಿ ಒಣಗಿಸುವ ಕೆಲಸ ಪುಕ್ಕಟೆ ಅಲ್ಲ. ಹರಡಬೇಕು, ಕಾಗೆ ಕಾಯಬೇಕು, ಮಗುಚಬೇಕು, ಸಂಜೆ ಒಳಗೆ ತರಬೇಕು, ನಾಳೆ ಮತ್ತೆ ಹರಡಬೇಕು. ಅದೆಲ್ಲ ಮನೆಯ ಹೆಂಗಸರ ಸಮಯ. ಅದಕ್ಕೆ ಯಾರೂ ಲೆಕ್ಕ ಇಟ್ಟಿರಲಿಲ್ಲ. ಬೆಂಗಳೂರಿನಲ್ಲಿ ನನಗೆ ಬಿಸಿಲೂ ಸರಿಯಾಗಿ ಇಲ್ಲ. ಬಾಲ್ಕನಿಗೆ ಬೆಳಗ್ಗೆ ಎರಡು ಗಂಟೆ ಬಿಸಿಲು, ಅದೂ ಗ್ರಿಲ್ಲಿನ ಪಟ್ಟೆ ಪಟ್ಟೆಯಾಗಿ. ಪಾರಿವಾಳದ ಕಾಟ ಬೇರೆ. ತಾರಸಿಗೆ ಬೀಗ. ಎಲ್ಲಕ್ಕಿಂತ ಹೆಚ್ಚಾಗಿ, ಚಾಪೆಯ ಇನ್ನೊಂದು ತುದಿ ಹಿಡಿಯಲು ಜನ ಇಲ್ಲ.

ಹಣ್ಣು ಬರುವುದು ಬಿಸಿಲು ಹೋದ ಮೇಲೆ

ಇದನ್ನೆಲ್ಲ ಯೋಚಿಸುವಾಗ ಒಂದು ವಿಷಯ ಹೊಳೆಯಿತು. ಅಂಗಳದಲ್ಲಿ ಒಣಗುತ್ತಿದ್ದದ್ದು ಹೆಚ್ಚಾಗಿ ಕಾಯಿ, ಕಾಳು, ಹಿಟ್ಟು. ಹಣ್ಣು ಬಹಳ ಕಡಿಮೆ. ಕಾರಣ ಸರಳ. ನಮ್ಮ ಕಡೆ ಹಲಸು ಕಾಯಿಯಾಗಿರುವುದು ಬಿಸಿಲು ಇರುವಾಗ, ಹಣ್ಣಾಗಿ ಬೀಳುವುದು ಮಳೆ ಹಿಡಿದ ಮೇಲೆ. ಕಾಟು ಮಾವು ಕೂಡ ಕೊನೆಕೊನೆಗೆ ಮಳೆಯಲ್ಲೇ ಬೀಳುತ್ತದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಗಾಳಿಯೇ ಒದ್ದೆ. ಉಪ್ಪಿನ ಡಬ್ಬದಲ್ಲಿ ನೀರಾಡುವ ಕಾಲ ಅದು.

ಹಿರಿಯರು ಇದನ್ನು ಚೆನ್ನಾಗಿ ತಿಳಿದಿದ್ದರು. ಒಣಗಿಸಲು ಆಗದ್ದನ್ನು ಬೇರೆ ದಾರಿಯಲ್ಲಿ ಉಳಿಸಿದರು. ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಉಪ್ಪುಸೊಳೆ. ಮಳೆಗಾಲ ಪೂರ್ತಿ ಪಲ್ಯ, ರೊಟ್ಟಿ, ಸೊಳೆ ಉಂಡ್ಲಕಾಳು. ಹಣ್ಣನ್ನು ಬೆಲ್ಲ ಹಾಕಿ ಗಟ್ಟಿಯಾಗುವವರೆಗೆ ಕಾಯಿಸಿದರೆ ಬೆರಟಿ. ವರ್ಷ ಕಳೆದರೂ ಪಾಯಸಕ್ಕೆ ಬರುತ್ತದೆ. ಮೇ ತಿಂಗಳ ಬಿಸಿಲು ಸಿಕ್ಕಿದರೆ ಮಾವಿನ ರಸ ಚಾಪೆಗೆ ಹಚ್ಚಿ, ಪದರದ ಮೇಲೆ ಪದರ ಒಣಗಿಸಿ ಮಾಂಬಳ. ಘಟ್ಟದ ಮೇಲೆ ಶಿರಸಿ, ಯಲ್ಲಾಪುರದ ಕಡೆ ಬಾಳೆಹಣ್ಣು ಒಣಗಿಸಿದ ಸುಕೇಳಿ. ಉಪ್ಪು, ಬೆಂಕಿ, ಹೊಗೆ, ಬಿಸಿಲು. ಯಾವ ವಸ್ತುವಿಗೆ ಯಾವುದು, ಯಾವ ತಿಂಗಳಿಗೆ ಯಾವುದು ಎಂದು ಅವರಿಗೆ ಗೊತ್ತಿತ್ತು.

ಅಂದರೆ ಮೆಷಿನ್ ಬಿಸಿಲಿನ ಬದಲಿಗೆ ಬೇಕಾ ಎಂದು ನಾನು ಕೇಳಿಕೊಳ್ಳುತ್ತಿದ್ದ ಪ್ರಶ್ನೆಗೆ ಅರ್ಥವೇ ಇಲ್ಲ. ಏಪ್ರಿಲಿನ ಹಪ್ಪಳಕ್ಕೆ ಮೆಷಿನ್ ಬೇಡವೇ ಬೇಡ. ನಾಲ್ಕಾರು ತಟ್ಟೆಯಲ್ಲಿ ಎಷ್ಟು ಹಪ್ಪಳ ಹಿಡಿಸುತ್ತದೆ? ಒಂದು ಚಾಪೆಯ ಕಾಲು ಭಾಗವೂ ಇಲ್ಲ. ಕೇಳಬೇಕಾದದ್ದು ಜೂನ್, ಜುಲೈ, ಆಗಸ್ಟಿನ ಬಗ್ಗೆ. ಬಿಸಿಲು ಮುಟ್ಟದ ಹಣ್ಣಿನ ಬಗ್ಗೆ.

ಮೂರನೇ ಮಹಡಿಯಿಂದ ತಂದ ಪೆಟ್ಟಿಗೆ

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಗೆಳತಿಯ ಹತ್ತಿರ ಒಂದು ಡಿಹೈಡ್ರೇಟರ್ ಇದೆ. ಮಗುವಿಗೆ ತರಕಾರಿ ಪುಡಿ ಮಾಡಲು ತಗೊಂಡಿದ್ದಳು. ಕಳೆದ ಜುಲೈನಲ್ಲಿ ಗೊನೆ ಬಂದಾಗ ಅವಳೇ, "ಒಂದು ವಾರ ಇಟ್ಕೊಳ್ಳಿ ಅಕ್ಕ, ನೋಡಿ ಆಮೇಲೆ ತಗೊಳ್ಳಿ" ಎಂದಳು. ದುಂಡನೆಯ, ತಟ್ಟೆಯ ಮೇಲೆ ತಟ್ಟೆ ಜೋಡಿಸುವ ಮಾದರಿ. ಫ್ಯಾನ್ ಕೆಳಗೆ.

ಕದಳಿ ಸುಲಿದು, ಕಾಲು ಇಂಚಿನ ಬಿಲ್ಲೆ ಮಾಡಿ, ಸ್ವಲ್ಪ ಲಿಂಬೆರಸ ಸವರಿ ಜೋಡಿಸಿದೆ. ಲಿಂಬೆರಸ ಬಣ್ಣ ಕಪ್ಪಾಗದ ಹಾಗೆ ತಡೆಯುತ್ತದೆ. 57 ಡಿಗ್ರಿಗೆ ಇಟ್ಟು ರಾತ್ರಿ ಹತ್ತಕ್ಕೆ ಹಚ್ಚಿದೆ. ಶಬ್ದ ಇದೆ, ಟೇಬಲ್ ಫ್ಯಾನಿನಷ್ಟು. ಒಂದು ಗಂಟೆಯೊಳಗೆ ಮನೆ ತುಂಬಾ ಬಾಳೆಹಣ್ಣಿನ ಪರಿಮಳ. ಮಗಳು ನಿದ್ದೆಗಣ್ಣಲ್ಲಿ ಎದ್ದು ಬಂದು, "ಹಲ್ವ ಮಾಡ್ತಿದ್ದೀಯಾ?" ಎಂದು ಕೇಳಿದಳು. ಬೆಳಗ್ಗೆ ನೋಡಿದರೆ ಕೆಳಗಿನ ತಟ್ಟೆ ಚೆನ್ನಾಗಿ ಒಣಗಿದೆ, ಮೇಲಿನದು ಇನ್ನೂ ಮೆತ್ತಗೆ. ತಟ್ಟೆ ಅದಲು ಬದಲು ಮಾಡಿ ಮತ್ತೆ ನಾಲ್ಕು ಗಂಟೆ. ದುಂಡನೆಯ ಮಾದರಿಯಲ್ಲಿ ಹೀಗೇ, ಬಿಸಿಗಾಳಿ ಕೆಳಗಿನಿಂದ ಏರುತ್ತಾ ತೇವ ಹೊತ್ತುಕೊಂಡು ಮೇಲೆ ಹೋಗುತ್ತದೆ. ಹಿಂಬದಿಯಲ್ಲಿ ಫ್ಯಾನ್ ಇರುವ ಚೌಕದ ಪೆಟ್ಟಿಗೆಯಲ್ಲಿ ಗಾಳಿ ಎಲ್ಲ ತಟ್ಟೆಯ ಮೇಲೂ ಅಡ್ಡಡ್ಡ ಹೋಗುತ್ತದೆ, ಬದಲಿಸುವ ಕೆಲಸ ಕಡಿಮೆ. ತಗೊಳ್ಳುವುದಾದರೆ ಅಂಥದ್ದೇ ಎಂದು ಆವತ್ತೇ ತೀರ್ಮಾನಿಸಿದೆ.

ಬೇಗ ಆಗಲಿ ಎಂದು 75–80 ಡಿಗ್ರಿಗೆ ಏರಿಸುವ ಆಸೆ ಯಾರಿಗಾದರೂ ಬರುತ್ತದೆ. ಗೆಳತಿ ಮೊದಲೇ ಎಚ್ಚರಿಸಿದ್ದಳು. ಬಿಸಿ ಜಾಸ್ತಿಯಾದರೆ ಹೊರಮೈ ಬೇಗ ಗಟ್ಟಿಯಾಗಿ ಒಳಗಿನ ತೇವಕ್ಕೆ ದಾರಿ ಮುಚ್ಚಿಹೋಗುತ್ತದೆ. ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಡಬ್ಬಕ್ಕೆ ಹಾಕಿದ ವಾರಕ್ಕೆ ಬೂಸು. ನಿಜವಾಗಿ ಒಣಗಿಸುವುದು ಬಿಸಿಗಿಂತ ಹೆಚ್ಚಾಗಿ ಗಾಳಿ. ಅಜ್ಜಿ ಸೊಪ್ಪು, ಒಂದೆಲಗ ಎಲ್ಲವನ್ನೂ ಬಿಸಿಲಿಗೆ ಹಾಕದೆ ಗಾಳಿಯಾಡುವ ಜಗಲಿಯ ನೆರಳಲ್ಲಿ ಹರಡುತ್ತಿದ್ದದ್ದು ಇದಕ್ಕೇ. ಮೆಷಿನಿನಲ್ಲೂ ಸೊಪ್ಪಿಗೆ 35–40 ಡಿಗ್ರಿ ಸಾಕು. ಕರಿಬೇವು, ನುಗ್ಗೆಸೊಪ್ಪು ಹಸಿರು ಬಣ್ಣ ಬಿಡದೆ ಗರಿಗರಿ ಆದವು. ಆದರೆ ಬೆಂಗಳೂರಿನಲ್ಲಿ ಕರಿಬೇವು ಪೇಪರ್ ಮೇಲೆ ಹರಡಿ ಫ್ಯಾನ್ ಹಾಕಿದರೂ ಒಣಗುತ್ತದೆ. ಅದಕ್ಕೋಸ್ಕರ ಮೆಷಿನ್ ತಗೊಳ್ಳಬೇಕಿಲ್ಲ.

ಟೊಮೆಟೊ ಕೂಡ ಮಾಡಿದೆವು. ಟೊಮೆಟೊದಲ್ಲಿ ನೂರಕ್ಕೆ 94 ಪಾಲು ನೀರೇ. ಒಂದು ಕೆಜಿ ಒಣಗಿಸಿದರೆ ಕೈಗೆ ಸಿಗುವುದು 60–70 ಗ್ರಾಂ. ರುಚಿ ಚೆನ್ನಾಗಿದೆ, ಸಾರಿಗೆ ಒಂದು ಹಿಡಿ ಹಾಕಿದರೆ ಹುಳಿಯೇ ಬೇಡ. ಕೋಲಾರದಲ್ಲಿ ಬೆಲೆ ಬಿದ್ದು ರೈತರು ರಸ್ತೆಗೆ ಸುರಿಯುವ ವಾರಗಳಲ್ಲಿ ಮಾಡಬಹುದು. ಅಂಗಡಿಯಲ್ಲಿ ಮಾಮೂಲಿ ರೇಟಿಗೆ ಕೊಂಡು ತಂದು ಒಣಗಿಸುವುದರಲ್ಲಿ ಅರ್ಥವಿಲ್ಲ. ಬಾಳೆಹಣ್ಣು ಹಾಗಲ್ಲ. ಸುಲಿದ ಹಣ್ಣು ಒಂದು ಕೆಜಿಗೆ 300 ಗ್ರಾಂ ಆಸುಪಾಸು ಸಿಗುತ್ತದೆ. ಜೇನಿನ ಬಣ್ಣ, ಅಗಿದಷ್ಟೂ ಸಿಹಿ. ಮಗಳು ಚಾಕೊಲೇಟ್ ಬಿಟ್ಟು ಇದನ್ನು ಸ್ಕೂಲಿಗೆ ಒಯ್ದಳು.

ಒಣಗಿದ ಹಣ್ಣನ್ನು ಬಿಸಿ ಆರಿಸಿ ಗಾಜಿನ ಭರಣಿಗೆ ಸಡಿಲವಾಗಿ ತುಂಬಿ, ಒಂದು ವಾರ ದಿನಾ ಅಲ್ಲಾಡಿಸಿ ನೋಡಬೇಕು. ಗಾಜಿಗೆ ನೀರಿನ ಹನಿ ಕಂಡರೆ ಮತ್ತೆ ಮೆಷಿನಿಗೆ. ಇದು ಬಹಳ ಮುಖ್ಯ. ಹಣ್ಣಿನಲ್ಲಿ ನೂರಕ್ಕೆ 15–20ರಷ್ಟು ತೇವ ಉಳಿದರೆ ಪರವಾಗಿಲ್ಲ, ತರಕಾರಿ ಹತ್ತಕ್ಕಿಂತ ಕೆಳಗೆ ಇಳಿಯಲೇಬೇಕು. ಮುರಿದರೆ ಟಕ್ ಎನ್ನಬೇಕು.

ಬಾಕಾಹು ನೆನಪು

ಬಾಳೆ ಎಂದಾಗ 2021 ನೆನಪಾಗುತ್ತದೆ. ಕೊರೊನಾ ಕಾಲ, ಬಾಳೆಗೊನೆ ಕೇಳುವವರಿಲ್ಲ. ಆಗ ಕೃಷಿ ಮಾಸಿಕ 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆಯವರ ಒತ್ತಾಸೆಯಿಂದ ಬಾಳೆಕಾಯಿ ಹುಡಿಯ ಸುದ್ದಿ ಹಬ್ಬಿತು. ಬಾಕಾಹು ಎಂದೇ ಅದಕ್ಕೆ ಹೆಸರಾಯಿತು. ವಾಟ್ಸಾಪಿನಲ್ಲಿ ಹೆಂಗಸರು ದಿನಾ ಒಂದೊಂದು ತಿಂಡಿಯ ಫೋಟೋ ಹಾಕುತ್ತಿದ್ದರು. ಬಾಕಾಹು ರೊಟ್ಟಿ, ಗುಲಾಬ್ ಜಾಮೂನ್, ಚಕ್ಕುಲಿ. ನನ್ನ ಅತ್ತಿಗೆಯೂ ಮಾಡಿದಳು. ಅದು ಕೂಡ ಮಳೆಗಾಲವೇ. ಬಿಸಿಲು ಸಿಕ್ಕವರು ಬಿಸಿಲಲ್ಲಿ, ಡ್ರೈಯರ್ ಇದ್ದವರು ಡ್ರೈಯರಿನಲ್ಲಿ, ಕೆಲವರು ಒಲೆಯ ಮೇಲೆ, ಅಡಿಕೆಗೆಂದು ಕಟ್ಟಿದ ಪ್ಲಾಸ್ಟಿಕ್ ಮಾಡಿನ ಸೋಲಾರ್ ಗೂಡಿನಲ್ಲಿ. ಬೆಲೆ ಇಲ್ಲದ ಗೊನೆಯನ್ನು ಕೊಳೆಯಲು ಬಿಡದೆ ಮನೆಯಲ್ಲೇ ಹಿಟ್ಟು ಮಾಡಬಹುದು ಎಂಬ ಧೈರ್ಯ ಆಗ ಎಷ್ಟೋ ಮನೆಗಳಿಗೆ ಬಂತು. ನನಗೆ ಅದು ದೊಡ್ಡ ವಿಷಯ ಅನ್ನಿಸುತ್ತದೆ. ಬೆಳೆದವರ ಕೈಯಲ್ಲೇ ಒಂದು ದಾರಿ ಇರಬೇಕು, ಅಲ್ವಾ?

ಈಗ ಅತ್ತಿಗೆ ಮಾಡುವುದು ಕಡಿಮೆ. ಕಾರಣ ಕೇಳಿದೆ. ಒಣಗಿಸುವುದು ಕಷ್ಟವಲ್ಲ, ಸುಲಿಯಲು, ಹೆಚ್ಚಲು ಜನ ಇಲ್ಲ ಎಂದಳು. ಅಂಗಳವಾದರೂ ಪೆಟ್ಟಿಗೆಯಾದರೂ ಈ ಮಾತು ಬದಲಾಗುವುದಿಲ್ಲ. ಮೆಷಿನ್ ಕಾಗೆ ಕಾಯುತ್ತದೆ, ಮೋಡ ನೋಡುತ್ತದೆ. ಹೆಚ್ಚಿ ಕೊಡುವುದಿಲ್ಲ.

ಎಲ್ಲಿ ಇಡುವುದು

ಕರೆಂಟಿನ ಖರ್ಚು ಅಷ್ಟೇನಿಲ್ಲ. 400 ವಾಟ್ ಮೆಷಿನ್ 12 ಗಂಟೆ ಪೂರ್ತಿ ಓಡಿದರೂ ಐದು ಯೂನಿಟ್ ದಾಟುವುದಿಲ್ಲ. ಬಿಸಿ ಹಿಡಿದ ಮೇಲೆ ಹೀಟರ್ ಆಗಾಗ ನಿಲ್ಲುವುದರಿಂದ ಇನ್ನೂ ಕಡಿಮೆ. ಯೂನಿಟ್ಟಿಗೆ ಆರು ರೂಪಾಯಿ ಲೆಕ್ಕ ಹಾಕಿದರೆ ಒಂದು ಸಲಕ್ಕೆ 30 ರೂಪಾಯಿಯ ಒಳಗೆ. ಆದರೆ ಸರಕಾರದ ಉಚಿತ ಕರೆಂಟಿನ ಗೃಹಜ್ಯೋತಿಯಲ್ಲಿ ಇರುವವರು ಗಮನಿಸಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ನಮ್ಮ ಮನೆಯದು ಗಡಿಯಿಂದ ದೂರ ಇದೆ, ತಿಂಗಳಿಗೆ ನಾಲ್ಕೈದು ಸಲ ಹಚ್ಚಿದರೂ ದಾಟುವುದಿಲ್ಲ. ಹಿಂದಿನ ಸರಾಸರಿ ಬಳಕೆ ನೋಡಿ ನಮಗೆ ನಿಗದಿ ಮಾಡಿದ ಉಚಿತ ಯೂನಿಟ್ಟಿಗಿಂತ ಜಾಸ್ತಿ ಆದದ್ದಕ್ಕೆ ಮಾತ್ರ ಕಟ್ಟಬೇಕಾಗುತ್ತದೆ.

ಮೊದಲು ನನ್ನ ಯೋಚನೆ, ತಗೊಂಡರೆ ಊರಿನಲ್ಲೇ ಇಡಬೇಕು ಅನ್ನೋದು. ಹಣ್ಣು ಅಲ್ಲಿದೆ, ಜಾಗ ಅಲ್ಲಿದೆ, ಅಮ್ಮನಿಗೆ ಹದ ಗೊತ್ತಿದೆ. ಅಮ್ಮನೇ ಅದನ್ನು ತಡೆದಳು. "ಇಲ್ಲಿ ಮಳೆ ಬಂದ್ರೆ ಕರೆಂಟ್ ಎಲ್ಲಿ ಉಂಟು? ಮರ ಬಿದ್ರೆ ಎರಡು ದಿನ ಇಲ್ಲ. ಅರ್ಧ ಒಣಗಿದ್ದು ಹುಳಿ ಬರ್ತದೆ" ಎಂದಳು. ನೂರಕ್ಕೆ ನೂರು ನಿಜ. ಮೆತ್ತಗೆ ಬೆಚ್ಚಗಾದ ಹಣ್ಣು ಹಾಗೇ ನಿಂತರೆ ಹಸಿ ಹಣ್ಣಿಗಿಂತ ಬೇಗ ಕೆಡುತ್ತದೆ. ಜೊತೆಗೆ ಪೆಟ್ಟಿಗೆ ಒಳಗೆಳೆದುಕೊಳ್ಳುವುದು ಮನೆಯೊಳಗಿನ ಗಾಳಿಯನ್ನೇ. ಆ ಗಾಳಿ ಒದ್ದೆ ಇದ್ದರೆ ಒಣಗಲು ಜಾಸ್ತಿ ಹೊತ್ತು ಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು ಹೆಚ್ಚುಕಡಿಮೆ 1000 ಮಿಲಿಮೀಟರ್. ಜುಲೈನಲ್ಲೂ ಗಾಳಿ ಅಷ್ಟು ಭಾರ ಇಲ್ಲ, ಕರೆಂಟ್ ಹೋದರೂ ಬೇಗ ಬರುತ್ತದೆ. ಹಾಗಾಗಿ ಹಣ್ಣು ಬಸ್ಸಿನಲ್ಲಿ ಬರುವುದೇ ಸರಿ, ಮೆಷಿನ್ ಇಲ್ಲೇ ಇರುವುದು ಸರಿ.

ತಗೊಳ್ಳುತ್ತಿದ್ದೇನೆ. ಹಿಂಬದಿ ಫ್ಯಾನಿನ ಚೌಕದ್ದು, ಸ್ಟೀಲ್ ತಟ್ಟೆಯದ್ದು. ಪುನರ್ಪುಳಿಯಂಥ ಹುಳಿಗೆ ಅಲ್ಯೂಮಿನಿಯಂ ಆಗುವುದಿಲ್ಲ. ಒಬ್ಬಳೇ ಅಲ್ಲ, ಮೂರನೇ ಮಹಡಿಯ ಗೆಳತಿ ಮತ್ತು ಪಕ್ಕದ ಮನೆಯ ಆಂಟಿ ಸೇರಿ ದುಡ್ಡು ಹಂಚಿಕೊಳ್ಳುತ್ತೇವೆ. ಆಂಟಿಗೆ ಮಂಡಿನೋವು, ಮನೆಯಲ್ಲೇ ಇರುತ್ತಾರೆ. ಕೂತು ಹೆಚ್ಚುವ ಕೆಲಸ ತಮ್ಮದು ಎಂದು ಅವರೇ ಹೇಳಿದ್ದಾರೆ. ಹಳೆಯ ದುಂಡನೆಯ ಪೆಟ್ಟಿಗೆ ಸೊಪ್ಪಿಗೆ ಇರಲಿ. ಹಪ್ಪಳ, ಸೆಂಡಿಗೆ, ಮಜ್ಜಿಗೆ ಮೆಣಸು ಎಂದಿನಂತೆ ಊರಿನ ಅಂಗಳದಿಂದಲೇ ಬರುತ್ತವೆ. ಆಗ ಒಂದು ವಾರ ರಜೆ ಹಾಕಿ ನಾನೂ ಹೋಗಿ ಚಾಪೆ ಹಿಡಿಯುತ್ತೇನೆ. ಅಮ್ಮನಿಗೂ ಈಗ ಕೈ ನೋವು.

ಒಂದು ಮಾತ್ರ ಬಗೆಹರಿದಿಲ್ಲ. ಬಕ್ಕೆ ಹಲಸಿನ ಸೊಳೆ ಗಟ್ಟಿ, ಸೀಳಿ ಒಣಗಿಸಬಹುದು. ನಮ್ಮ ತೋಟದಲ್ಲಿ ಜಾಸ್ತಿ ಇರುವುದು ಮೆತ್ತಗಿನ ಸೊಳೆಯ ತುಳುವ. ಅದು ಜಾಲರಿಯ ತಟ್ಟೆಯಲ್ಲಿ ನಿಲ್ಲುವುದಿಲ್ಲ, ಸೋರಿಹೋಗುತ್ತದೆ. ರುಬ್ಬಿ, ಸೋಸಿ, ತಟ್ಟೆಗೆ ಹಾಳೆ ಹಾಕಿ ಮಾಂಬಳದ ಹಾಗೆ ತೆಳ್ಳಗೆ ಹರಡಿದರೆ ಬರಬಹುದು. ಅಮ್ಮ ಒಂದು ಚೂರು ಬೆಲ್ಲ ಸೇರಿಸು ಎನ್ನುತ್ತಾಳೆ, ಗೆಳತಿ ಬೇಡ ಎನ್ನುತ್ತಾಳೆ. ಎರಡು ತಟ್ಟೆ ಹಾಗೆ, ಎರಡು ತಟ್ಟೆ ಹೀಗೆ ಮಾಡಿ ನೋಡಬೇಕು. ನಿಮ್ಮಲ್ಲಿ ಯಾರಾದರೂ ತುಳುವ ಹಣ್ಣನ್ನು ಮೆಷಿನಿನಲ್ಲಿ ಒಣಗಿಸಿದ್ದರೆ ಹದ ಹೇಗೆ ನೋಡಿದಿರಿ, ದಯವಿಟ್ಟು ತಿಳಿಸಿ.